ಬೆಟ್ಟಿಂಗ್‌ಗೂ ಬಜೆಟ್ಟಾ? 74 ಪಂದ್ಯಗಳ ಒಂದು ಲೆಕ್ಕ

ಇವತ್ತು ಕ್ರಿಕೆಟ್ ಬಗ್ಗೆ ಮಾತಾಡೋಣ. ಆದ್ರೆ ಸ್ಕೋರ್ ಅಲ್ಲ, ದುಡ್ಡು.

2023ರ ಐಪಿಎಲ್ ಶುರುವಾದಾಗ ನಾನು ಫೋನಲ್ಲಿ ಒಂದು ಸಾಲು ಬರೆದಿಟ್ಟೆ: ‘ಇಡೀ ಸೀಸನ್‌ಗೆ 5,000 ರೂಪಾಯಿ. ಒಂದು ಪೈಸೆ ಜಾಸ್ತಿ ಇಲ್ಲ.’ ಲಿಮಿಟ್ ಇದೆ, ಇನ್ನೇನು ಭಯ ಅಂದ್ಕೊಂಡಿದ್ದೆ.

ಸಿನಿಮಾಗೆ ಅಂತ 200 ರೂಪಾಯಿ ತೆಗೆದಿಟ್ಟರೆ, ಸಿನಿಮಾ ಮುಗಿದಾಗ ಖರ್ಚೂ ಮುಗಿಯುತ್ತೆ. ಐಪಿಎಲ್ ಹಾಗಲ್ಲ. ಎರಡು ತಿಂಗಳು, 74 ಪಂದ್ಯ. ಇವತ್ತು ಸೋತರೆ ನಾಳೆ ಸಂಜೆ ಮತ್ತೆ ಟಾಸ್. ‘ನಿನ್ನೆ ಹೋಗಿದ್ದನ್ನ ಇವತ್ತು ವಾಪಸ್ ತಗೋತೀನಿ’ ಅನ್ನೋ ಯೋಚನೆ ಅಲ್ಲೇ ಹುಟ್ಟೋದು.

ನಾನೂ ಅದನ್ನೇ ಮಾಡಿದೆ. 500 ಹೋಯ್ತು, 1,000 ಹಾಕಿದೆ. ಆಮೇಲೆ 2,000, ಆಮೇಲೆ 4,000. ಸತತ ನಾಲ್ಕು ಸೋಲಿಗೆ 7,500. ಬಜೆಟ್ ದಾಟಿದ್ದ 2,500 ಎಲ್ಲಿಂದ ಬಂತು? ಚೀಟಿ ಕಟ್ಟು ಅಂತ ಅಮ್ಮ ಕೊಟ್ಟಿದ್ದ ದುಡ್ಡಿಂದ. ತಿಂಗಳ ಕೊನೆಗೆ ಆ 12,000 ಪೂರ್ತಿ ಖಾಲಿ.

ಸರಿ, ನಾನು ಶಿಸ್ತಾಗಿ ಇದ್ದಿದ್ರೆ? ಅದನ್ನೂ ನೋಡೋಣ. ಎರಡೂ ತಂಡ ಸಮಬಲ, ಎರಡಕ್ಕೂ ರೇಟ್ 1.90 ಅಂದ್ಕೊಳ್ಳಿ. 500 ಹಾಕಿ ಗೆದ್ದರೆ ಕೈಗೆ 950. ಒಂದು ಗೆದ್ದು ಒಂದು ಸೋತರೆ, ಹಾಕಿದ್ದು 1,000, ಬಂದಿದ್ದು 950. ಅರ್ಧಕ್ಕರ್ಧ ಪಂದ್ಯ ಸರಿಯಾಗಿ ಊಹಿಸಿದರೂ 74 ಪಂದ್ಯ ಮುಗಿಯೋ ಹೊತ್ತಿಗೆ 1,850 ರೂಪಾಯಿ ಹೋಗಿರುತ್ತೆ. ಯಾವ ತಂಡ ಗೆದ್ದರೂ ಅವರ ಪಾಲು ಅವರಿಗೆ. ಬಜೆಟ್ ಹಾಕಿದ್ರೆ ಸೋಲಿಗೊಂದು ಮಿತಿ ಸಿಗಬಹುದು ಅಷ್ಟೆ, ಗೆಲುವು ಸಿಗಲ್ಲ.

ಇನ್ನೊಂದು ವಿಷಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂತು. ಹಾಗಿದ್ರೂ ಯಾರೋ ಟೆಲಿಗ್ರಾಂನಲ್ಲಿ ಲಿಂಕ್ ಕಳಿಸ್ತಾರೆ. ಅಲ್ಲಿ ಗೆದ್ದ ದುಡ್ಡು ಕೊಡದೇ ಹೋದ್ರೆ ಯಾರ ಹತ್ರ ಕೇಳ್ತೀರಿ?

ಕೊನೆಗೆ ನಾನು ಅಕ್ಕನಿಗೆ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದು ಒಂದೇ: ‘ಇನ್ನೂ ಎಷ್ಟು ಪಂದ್ಯ ಬಾಕಿ ಇದೆ?’ ಅವತ್ತೇ ಬ್ಯಾಂಕ್ ಆಪ್‌ನಲ್ಲಿ ಯುಪಿಐ ಮಿತಿ ಇಳಿಸಿದ್ವಿ. ಸೀಸನ್ ಮುಗಿಯೋವರೆಗೂ ಸಂಬಳ ಅವಳ ಖಾತೆಗೆ. ಅಮ್ಮನಿಗೆ ನಾನೇ ಹೇಳಬೇಕು ಅಂದ್ಳು, ಹೇಳಿದೆ. ಆ 12,000 ತೀರಿಸೋಕೆ ಆರು ತಿಂಗಳು ಹಿಡೀತು.

ಈಗ ನನ್ನ ಬಜೆಟ್ ಸೊನ್ನೆ. ಮ್ಯಾಚ್ ಮಾತ್ರ ಬಿಟ್ಟಿಲ್ಲ.

ನೀವು ಹಾಕಿಕೊಂಡ ಮಿತಿಯನ್ನ ಒಂದು ಸಲ ದಾಟಿದ್ದೀರಾ? ಹಾಗಾದ್ರೆ ಹೊಸ ಮಿತಿ ಬರೀಬೇಡಿ, ಮನೇಲಿ ಒಬ್ಬರಿಗೆ ಹೇಳಿ. ಹೇಳೋಕೆ ಯಾರೂ ಇಲ್ಲ ಅನಿಸಿದ್ರೆ ಟೆಲಿ ಮಾನಸ್ ಇದೆ. ನಂಬರ್ 14416. ಕರೆ ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ವಾರ ಸಿಗೋಣ.