ಕುರ್ಚಿಯ ಬೆಲೆ, ಕುರ್ಚಿಯ ಬಾಳಿಕೆ

(ಅಮೀರ್‌ಪೇಟ್‌ನ ನಮ್ಮ ಉಚಿತ ವಾಚನಾಲಯದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಗಿರಣಿಯ ಖಾತೆ ಪುಸ್ತಕ ಬರೆದು, ಸಂಜೆ ಇಲ್ಲಿ ಪತ್ರಿಕೆ ಜೋಡಿಸುವ ಸ್ವಯಂಸೇವಕರು ನಾವು. ಓದಿದ್ದು ಮೆಟ್ರಿಕ್‌ವರೆಗೆ, ಭಾಷಣದ ಅಭ್ಯಾಸವಿಲ್ಲ. ಇಂದಿನ ವಿಷಯ ಕುರ್ಚಿಗಳ ಖರೀದಿ. ಅದು ಲೆಕ್ಕದ ವಿಷಯವಾದುದರಿಂದ ಎರಡು ಮಾತು ಹೇಳುವ ಧೈರ್ಯಮಾಡಿದ್ದೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು. ಎರಡು ವರ್ಷಗಳ ಹಿಂದೆ ಸಂಘವು ಈ ಕೆಲಸವನ್ನು ನಮಗೇ ಒಪ್ಪಿಸಿತ್ತು. ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿ, ಎಲ್ಲಕ್ಕಿಂತ ಕಡಿಮೆ ದರದ ಕೆಳಗೆ ಗೆರೆ ಎಳೆದೆವು. ಒಂದಕ್ಕೆ 600 ರೂಪಾಯಿಯಂತೆ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಬಂದವು. ಹಣ ಉಳಿಸಿದಿರೆಂದು ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಒಳಗಿಟ್ಟ ಹದಿನಾಲ್ಕು ಇನ್ನೂ ಗಟ್ಟಿಯಾಗಿವೆ. ವರಾಂಡದಲ್ಲಿಟ್ಟ ಆರು ಮಾತ್ರ ಎರಡು ಬೇಸಿಗೆಯ ಬಿಸಿಲು ತಿಂದು ಬಣ್ಣಗೆಟ್ಟು ಪೆಡಸಾದವು. ಹೋದ ತಿಂಗಳು ಅವುಗಳಲ್ಲೊಂದರ ಹಿಂಗಾಲು ಮುರಿದು, ಬೀದರಿನ ಕಡೆಯ ನಮ್ಮ ಹಿರಿಯ ಓದುಗರೊಬ್ಬರು ನೆಲಕ್ಕೆ ಬಿದ್ದರು. ಕಟ್ಟಡದ ಕೂಲಿ ಮಾಡುವವರು. ಮಣಿಕಟ್ಟು ಊದಿ ಎಂಟು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ನಮ್ಮ ಉಳಿತಾಯ ಸಂಘದ ಪುಸ್ತಕದಲ್ಲಿ ಜಮೆಯಾಗಿದೆ. ಅವರ ಎಂಟು ದಿನದ ಕೂಲಿ ಯಾರ ಪುಸ್ತಕದಲ್ಲಿಯೂ ಇಲ್ಲ.

ಆದುದರಿಂದ ಈ ಸಲ ಲೆಕ್ಕವನ್ನು ಬೇರೆ ರೀತಿ ಹಾಕಿ ನೋಡೋಣ. 600 ರೂಪಾಯಿಯ ಕುರ್ಚಿ ಎರಡು ವರ್ಷ ಬಾಳಿದರೆ ವರ್ಷಕ್ಕೆ 300 ರೂಪಾಯಿ ಬಿತ್ತು. 2,500 ರೂಪಾಯಿಯ ಗಟ್ಟಿ ಮರದ ಕುರ್ಚಿಗೆ ನಡುವೆ 300 ರೂಪಾಯಿ ದುರಸ್ತಿ ಸೇರಿಸಿದರೆ 2,800. ಹತ್ತು ವರ್ಷ ಬಾಳಿದರೆ ವರ್ಷಕ್ಕೆ 280. ನಾಲ್ಕು ಪಟ್ಟು ದುಬಾರಿ ಎಂದು ಕಂಡದ್ದು ನಿಜದಲ್ಲಿ 20 ರೂಪಾಯಿ ಸೋವಿ!

ಆದರೆ ಹತ್ತು ವರ್ಷವೆಂದು ಸುಮ್ಮನೆ ನಂಬಬಾರದು. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಸವಕಳಿಯ ಲೆಕ್ಕಕ್ಕೆಂದು ಪೀಠೋಪಕರಣಗಳ ಆಯುಷ್ಯ ಕೊಟ್ಟಿದ್ದಾರೆ. ಸಾಮಾನ್ಯವಾಗಿ 10 ವರ್ಷ. ಶಾಲೆ, ಗ್ರಂಥಾಲಯ, ಸಭಾಭವನಗಳಲ್ಲಿದ್ದರೆ, ಮದುವೆಗೆ ಬಾಡಿಗೆ ಕೊಡುವುದಾದರೆ 8 ವರ್ಷ. ಹತ್ತು ಮಂದಿ ಕೂರುವ ಕುರ್ಚಿ ಬೇಗ ಸವೆಯುತ್ತದೆಂಬುದು ಕಾಯಿದೆಗೂ ಗೊತ್ತು. ಎಂಟು ವರ್ಷಕ್ಕೆ ಹಂಚಿದರೆ ಮರದ ಕುರ್ಚಿಗೆ ವರ್ಷಕ್ಕೆ 350. ಆಗ ಪ್ಲಾಸ್ಟಿಕ್ಕೇ ಸೋವಿ. ನೆರಳಿನಲ್ಲಿಟ್ಟು ನಾಲ್ಕು ವರ್ಷ ಬಾಳಿಸಿದರೆ ಇನ್ನೂ ಸೋವಿ. ಅಂದಮೇಲೆ ಬರಿಯ ರೂಪಾಯಿಯ ಲೆಕ್ಕ ತೀರ್ಪು ಕೊಡಲಾರದು. ಕೂರುವವನ ಕಡೆಯಿಂದಲೂ ಲೆಕ್ಕ ಹಾಕಬೇಕು.

ಗ್ರಂಥಾಲಯ ಶಾಸ್ತ್ರದ ಹಿರಿಯರಾದ, ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪುಸ್ತಕ ಮಾಡಿದರು. ಪುಸ್ತಕವಿರುವುದು ಬೀಗದೊಳಗಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದು ಮೊದಲ ಸೂತ್ರದ ಅಭಿಪ್ರಾಯ. ಪೀಠೋಪಕರಣದ ಮಾತನ್ನು ಅವರು ಎತ್ತಿರುವುದು ಆ ಸೂತ್ರದ ಅಡಿಯಲ್ಲಿಯೇ. ಹಗಲೆಲ್ಲ ನಿಂತು ದುಡಿದವನು ಹತ್ತೇ ನಿಮಿಷಕ್ಕೆ ಬೆನ್ನು ಹಿಡಿದುಕೊಂಡು ಎದ್ದುಹೋದರೆ, ನಾವು ಚಂದಾ ಕಟ್ಟಿ ತರಿಸಿದ ಪತ್ರಿಕೆಯೂ ಅಷ್ಟರಮಟ್ಟಿಗೆ ನಷ್ಟವೇ.

ಹಾಗಾದರೆ ಎಂಥ ಕುರ್ಚಿ ಕೊಳ್ಳಬೇಕು? 1859ರಲ್ಲಿ ಆಸ್ಟ್ರಿಯದ ಥೋನೆಟ್ ಕಾರ್ಖಾನೆಯವರು 14ನೆಯ ನಂಬರಿನ ಕುರ್ಚಿ ತಂದರು. ಬಾಗಿಸಿದ ಮರದ ಆರು ಭಾಗ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಸಡಿಲಾದರೆ ಬಿಗಿಮಾಡಬಹುದು, ಸೀಟಿನ ಬೆತ್ತ ಹರಿದರೆ ಬೆತ್ತವೊಂದನ್ನೇ ಬದಲಿಸಬಹುದು. ಮುರಿಯದ ಕುರ್ಚಿ ಜಗತ್ತಿನಲ್ಲಿಲ್ಲ; ನಮ್ಮ ಬೀದಿಯ ಬಡಗಿಯೇ ರಿಪೇರಿ ಮಾಡಬಲ್ಲ ಕುರ್ಚಿಯೇ ಬಾಳಿಕೆಯ ಕುರ್ಚಿ.

ಅಂಗಡಿಯಲ್ಲಿ ಕಾಲು ಗಂಟೆ ಕೂತು ನೋಡಬೇಕು. ಪಾದ ಪೂರ್ತಿ ನೆಲಕ್ಕೆ ತಾಗಬೇಕು; ಸೊಂಟಕ್ಕೆ ಒರಗು ಸಿಗಬೇಕು. ತಲೆಕೆಳಗು ಮಾಡಿ ಕೀಲುಗಳನ್ನು ನೋಡಬೇಕು: ಬರಿಯ ಮೊಳೆ ಹೊಡೆದಿದ್ದರೆ ಬೇಡ, ಕೀಲು ಕೂರಿಸಿ ಸ್ಕ್ರೂ ಬಿಗಿದಿದ್ದರೆ ಸರಿ. ಈ ಬಡಾವಣೆಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಲೆಕ್ಕವಿಲ್ಲ. ಜಾಗ ಬಿಡುವವರು ಹಳೆಯ ಕುರ್ಚಿ ಮಾರುವುದುಂಟು. ಕೊಳ್ಳಬಾರದೆಂದಲ್ಲ. ಚಕ್ರದ ಕುರ್ಚಿಯಾದರೆ ಮಾತ್ರ ನುಣುಪಾದ ನೆಲದ ಮೇಲೆ ಮುದುಕರಿಗೆ ಅಪಾಯ. ಒಳಗಿನ ಗ್ಯಾಸಿನ ಕೊಳವೆ ಕೆಟ್ಟರೆ ಬಡಗಿಯ ಕೈಗೆ ಬಗ್ಗುವುದಿಲ್ಲ.

ಈಗ ನಮ್ಮಲ್ಲಿರುವುದು 15,000 ರೂಪಾಯಿ. ಇಷ್ಟಕ್ಕೆ ಪ್ಲಾಸ್ಟಿಕ್ ಕುರ್ಚಿ ಇಪ್ಪತ್ತೈದು ಬರುತ್ತವೆ, ಮರದವು ಆರೇ ಆರು. ಸಂಜೆ ಮೂವತ್ತು ಮಂದಿ ಬರುವಲ್ಲಿ ಉಳಿದವರು ನಿಲ್ಲಬೇಕೇ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ. ನಮ್ಮ ಸಲಹೆ ಇದು. ವರಾಂಡದ ಕುರ್ಚಿಗಳನ್ನು ಈ ರಾತ್ರಿಯೇ ತೆಗೆದುಹಾಕೋಣ. ಒಳಗಿನ ಹದಿನಾಲ್ಕನ್ನು ತಿಂಗಳಿಗೊಮ್ಮೆ ಅಲುಗಿಸಿ ಪರೀಕ್ಷಿಸುತ್ತ ಬಳಸೋಣ. ಮರದ ಆರು ಕುರ್ಚಿ ಹಿರಿಯರಿಗೆ ಮೀಸಲಿರಲಿ. ಇನ್ನು ಹತ್ತು ಮಂದಿಗೆ ಜಮಖಾನೆ ಹಾಸೋಣ. ನಮ್ಮಂಥ ಮೂವತ್ತರ ಆಸುಪಾಸಿನವರು ಅದರ ಮೇಲೆ ಕೂರೋಣ. ಬರುವ ವರ್ಷ ಮತ್ತೆ ಆರು ಕೊಳ್ಳೋಣ.

ಬಿದ್ದ ಹಿರಿಯರು ಕಳೆದ ವಾರ ಮತ್ತೆ ಬಂದಿದ್ದರು. ಕುರ್ಚಿ ಎಳೆದುಕೊಟ್ಟರೆ ಕೈಯಲ್ಲೇ ಬೇಡವೆಂದು, ಗೋಡೆಗೆ ಒರಗಿ ನೆಲದ ಮೇಲೆ ಕೂತು ಪತ್ರಿಕೆ ಓದಿದರು. ಅವರು ಅಂಜಿಕೆಯಿಲ್ಲದೆ ಕುರ್ಚಿಯಲ್ಲಿ ಒರಗಿ ಕೂತ ದಿನ ನಮ್ಮ ಲೆಕ್ಕ ಸರಿಹೋಯಿತೆಂದು ತಿಳಿಯುತ್ತೇವೆ.