ಮನೆಯ ಕಂಪ್ಯೂಟರಿಗೂ ಬೇಕು ಒಂದು ಅಗಸಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಾವು ಈ ಶಾಲೆಯಲ್ಲಿದ್ದಾಗ ಕಂಪ್ಯೂಟರನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆವು. ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಮನೆಗಳಿಗೂ ಅದು ಬಂದಿದೆ. ಹೊಲದ ಪಹಣಿ, ಮಕ್ಕಳ ಅಂಕಪಟ್ಟಿ, ಬ್ಯಾಂಕಿನ ಲೆಕ್ಕ ಎಲ್ಲವೂ ಅದರೊಳಗಿವೆ. ಅದಕ್ಕೊಂದು ಕಾವಲು ಬೇಡವೇ? ಆ ಕಾವಲಿನ ಹೆಸರೇ ಫೈರ್‌ವಾಲ್.

ನಮ್ಮ ಊರುಗಳಿಗೆ ಅಗಸಿ ಬಾಗಿಲು ಇದ್ದಂತೆ ಇದು. ಇಂಟರ್‌ನೆಟ್ಟಿನಿಂದ ಬರುವ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತದೆ. ಅದು ಒಳಬರುವ ದಾರಿಗಳಿಗೆ ಪೋರ್ಟ್ ಎನ್ನುತ್ತಾರೆ. ಒಂದು ಕಂಪ್ಯೂಟರಿಗೆ ಅಂಥವು 65 ಸಾವಿರಕ್ಕೂ ಹೆಚ್ಚು. ನಾವು ಕೇಳಿ ತರಿಸಿಕೊಂಡದ್ದನ್ನು ಫೈರ್‌ವಾಲ್ ಒಳಗೆ ಬಿಡುತ್ತದೆ. ಕರೆಯದೆ ಬಂದದ್ದನ್ನು ಹೊರಗೇ ನಿಲ್ಲಿಸುತ್ತದೆ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು, ಯಾರೂ ಏನನ್ನೂ ಒತ್ತದಿದ್ದರೂ, ತೆರೆದ ಪೋರ್ಟಿನಿಂದ ಲಕ್ಷಾಂತರ ಕಂಪ್ಯೂಟರುಗಳಿಗೆ ನುಗ್ಗಿತು. ಮರುವರ್ಷ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ತಾನಾಗಿಯೇ ಆನ್ ಇರುವಂತೆ ಮಾಡಿತು. ಆಮೇಲೆ ಬಂದ ವಿಂಡೋಸ್‌ಗಳಲ್ಲೂ ಹಾಗೆಯೇ ಇದೆ. ಅದನ್ನು ಆರಿಸುವವರು ನಾವೇ.

ನಾನೂ ಆರಿಸಿದವನೇ. ಪ್ರಿಂಟರ್ ನಡೆಯಲಿಲ್ಲವೆಂದು ಒಂದು ದಿನ ಫೈರ್‌ವಾಲ್ ಆಫ್ ಮಾಡಿದೆ, ಮತ್ತೆ ಆನ್ ಮಾಡಲು ಮರೆತೆ. ಕೆಲವು ವಾರಗಳಲ್ಲಿ ಫೈಲುಗಳಿಗೆಲ್ಲ ಬೀಗ ಬಿತ್ತು. ಬಿಡಿಸಲು ಹಣ ಕೇಳುವ ಬರಹ ಪರದೆಯ ಮೇಲೆ ಬಂತು. ಅವ್ವ ಹಾಡಿದ ಬೀಸುವ ಪದಗಳು ಅದರೊಳಗಿದ್ದವು. ಬೇರೆ ಪ್ರತಿ ಇರಲಿಲ್ಲ. ಅವ್ವನೂ ಈಗಿಲ್ಲ.

ಆದ್ದರಿಂದ ಇಂದೇ ಮನೆಗೆ ಹೋಗಿ 'ವಿಂಡೋಸ್ ಸೆಕ್ಯುರಿಟಿ' ತೆರೆದು, ಫೈರ್‌ವಾಲ್ ಆನ್ ಇದೆಯೇ ನೋಡಿ. ಹೊರಗಿನ ವೈಫೈ ಬಳಸುವಾಗ 'ಪಬ್ಲಿಕ್' ಎಂದೇ ಆರಿಸಿ. ಯಾವುದೋ ಪ್ರೋಗ್ರಾಂ ಅನುಮತಿ ಕೇಳಿದರೆ, ಅದು ಏನೆಂದು ತಿಳಿಯದೆ ಒಪ್ಪಬೇಡಿ. ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಡಿ.

ಆದರೆ ಗೋಡೆಯೊಂದೇ ಸಾಲದು. ನಮ್ಮ ಕೊಪ್ಪಳದ ಕೋಟೆಯನ್ನೇ ನೆನೆಯಿರಿ. 1790ರಲ್ಲಿ ಇಂಗ್ಲಿಷರೂ ನಿಜಾಮನ ಸೈನ್ಯವೂ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕಾದರು, ಕೋಟೆ ಬಗ್ಗಲಿಲ್ಲ. 1791ರಲ್ಲಿ, ಬೆಂಗಳೂರು ಬಿದ್ದ ಸುದ್ದಿ ಬಂದ ಮೇಲೆ, ಒಳಗಿದ್ದವರೇ ಅದನ್ನು ಒಪ್ಪಿಸಿದರು. ಇಂದಿನ ಕಳ್ಳನೂ ಸುದ್ದಿಯನ್ನೇ ತರುತ್ತಾನೆ: "ನಿಮ್ಮ ಖಾತೆ ಬಂದ್ ಆಗುತ್ತದೆ, ಈ ಆ್ಯಪ್ ಹಾಕಿಕೊಳ್ಳಿ" ಎನ್ನುತ್ತಾನೆ. ಹೆದರಿ ನಾವೇ ಬಾಗಿಲು ತೆರೆದರೆ ಯಾವ ಫೈರ್‌ವಾಲೂ ಕಾಯದು. ಅಂಥ ಕರೆಯನ್ನು ಕೂಡಲೇ ಕತ್ತರಿಸಿ. ಹಣ ಹೋಗಿಯೇ ಬಿಟ್ಟರೆ ನಾಚಿಕೊಂಡು ಕೂರದೆ 1930ಕ್ಕೆ ಫೋನ್ ಮಾಡಿ.

ಗುರುತಿಲ್ಲದವರು ಕರೆದರೆ ಬಾಗಿಲು ತೆಗೆಯಬೇಡ ಎಂದು ಅವ್ವ ಹೇಳುತ್ತಿದ್ದಳು. ಕಂಪ್ಯೂಟರಿಗೂ ಅದೇ ಮಾತು ಸಾಕು.