ಪಟ್ಟಿಯಲ್ಲಿ ಇಲ್ಲದ ರಾಜ್ಯ

ಇವತ್ತು ಎಕ್ಸ್‌ಎಂಎಲ್ ಸ್ಕೀಮಾದ ಎನ್ಯುಮರೇಷನ್ ಬಗ್ಗೆ ಎರಡು ಮಾತು.

ವಿಳಾಸದಲ್ಲಿ ರಾಜ್ಯದ ಹೆಸರನ್ನ ಜನ ಮನಸ್ಸಿಗೆ ಬಂದ ಹಾಗೆ ಬರೀತಾರೆ. ಅದನ್ನ ತಡೆಯೋಕೆ ನಾನು ಸ್ಟ್ರಿಂಗ್ ಟೈಪ್ ಮೇಲೆ ರಿಸ್ಟ್ರಿಕ್ಷನ್ ಹಾಕಿ, 28 ರಾಜ್ಯಗಳನ್ನೂ ಒಂದೊಂದು ಎನ್ಯುಮರೇಷನ್ ಆಗಿ ಬರೆದಿದ್ದೆ. ಪಟ್ಟಿಯಲ್ಲಿ ಇಲ್ಲದ್ದನ್ನ ವ್ಯಾಲಿಡೇಟರ್ ಒಳಗೇ ಬಿಡಲ್ಲ. ಕ್ಯಾಪಿಟಲ್ ಅಕ್ಷರ ಸ್ಮಾಲ್ ಆದ್ರೂ ತಪ್ಪು, ಕೊನೆಗೊಂದು ಸ್ಪೇಸ್ ಉಳಿದ್ರೂ ತಪ್ಪು. ಸ್ಪೇಸ್ ಕಾಟಕ್ಕೆ ಸ್ಟ್ರಿಂಗ್ ಬದಲು ಟೋಕನ್ ಟೈಪ್ ಹಾಕಿದ್ರೆ ಸಾಕು.

ಎಲ್ಲ ಚೆನ್ನಾಗೇ ನಡೀತಿತ್ತು. 2014ರ ಜೂನ್ 2ಕ್ಕೆ ತೆಲಂಗಾಣ ಆಯ್ತು ನೋಡಿ, ಹೊಸ ಹೆಸರಲ್ಲಿ ಬಂದ ಹೈದರಾಬಾದ್ ವಿಳಾಸಗಳೆಲ್ಲ ರಿಜೆಕ್ಟ್! ಡೇಟಾ ಸರಿಯಾಗೇ ಇತ್ತು, ಹಳತಾಗಿದ್ದು ನನ್ನ ಪಟ್ಟಿ.

ರಿಸ್ಟ್ರಿಕ್ಷನ್‌ನಿಂದ ಪಟ್ಟಿ ಕಿರಿದಾಗುತ್ತೆ, ಹಿಗ್ಗಲ್ಲ. ಹಳೇ ಟೈಪ್ ಮುಟ್ಟದೆ ಹೆಸರು ಸೇರಿಸೋಕೆ ಯೂನಿಯನ್ ಬಳಸಬೇಕು. ಹೊಸ ಸ್ಕೀಮಾವನ್ನ ಅದನ್ನ ಬಳಸೋ ಪ್ರತಿ ತಂಡಕ್ಕೂ ಕಳಿಸಬೇಕು.

ಅವತ್ತಿಂದ ನನ್ನ ನಿಯಮ ಇಷ್ಟೇ: ವಾರದ ದಿನ ಏಳೇ, ಅದನ್ನ ಸ್ಕೀಮಾದಲ್ಲೇ ಕೂರಿಸಿ. ನಾಳೆ ಬದಲಾಗಬಹುದಾದ ಪಟ್ಟಿಯನ್ನ ಬೇರೆ ಫೈಲಲ್ಲಿಟ್ಟು ಇನ್‌ಕ್ಲೂಡ್ ಮಾಡಿ.

ಮತ್ತೆ ಸಿಗೋಣ.